ನೇಯ್ಗೆಯ ಡೊಂಕು, ರೆಕ್ಕೆಯ ಲೆಕ್ಕ

ಒಂದು ಬಿಳಿ ಪಂಚೆಯನ್ನೋ ಕರವಸ್ತ್ರವನ್ನೋ ಕೈಗೆತ್ತಿಕೊಳ್ಳಿ. ಹಾಸಿನ ನೂಲಿನ ಉದ್ದಕ್ಕೆ ಎರಡು ತುದಿ ಹಿಡಿದು ಎಳೆಯಿರಿ: ಬಟ್ಟೆ ಅಷ್ಟಾಗಿ ಹಿಗ್ಗುವುದಿಲ್ಲ. ಹೊಕ್ಕಿನ ದಿಕ್ಕಿಗೆ ಎಳೆದರೂ ಹೆಚ್ಚುಕಡಿಮೆ ಅದೇ ಅನುಭವ. ಈಗ ಎದುರುಬದುರಿನ ಮೂಲೆಗಳನ್ನು ಹಿಡಿದು ಎಳೆಯಿರಿ. ಬಟ್ಟೆ ಸಲೀಸಾಗಿ ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ, ಚೌಕವಾಗಿದ್ದ ನೂಲಿನ ಕಿಂಡಿಗಳು ವಜ್ರಾಕೃತಿಗೆ ತಿರುಗುತ್ತವೆ. ನೂಲೂ ಅದೇ, ನೇಯ್ಗೆಯೂ ಅದೇ. ನೀವು ಎಳೆದ ದಿಕ್ಕಿಗೂ ನೂಲು ಓಡುವ ದಿಕ್ಕಿಗೂ ನಡುವೆ ಇರುವ ಕೋನ ಮಾತ್ರ ಬದಲಾಯಿತು.

ಇನ್ನೊಂದು ಕೆಲಸ ಮಾಡಿ. ಅದೇ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲನ್ನು ಆದಷ್ಟು ಹತ್ತಿರ ತಂದು ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ದೂರದಿಂದ ಗೆರೆ ಎಳೆದಂತೆ ಕಂಡ ನೂಲುಗಳು ಹತ್ತಿರದಲ್ಲಿ ಹಾಗಿರುವುದಿಲ್ಲ. ಒಂದೆಡೆ ಎರಡು ನೂಲಿನ ನಡುವೆ ಬೆಳಕು ಧಾರಾಳವಾಗಿ ತೂರುತ್ತದೆ, ಪಕ್ಕದಲ್ಲೇ ಎರಡು ನೂಲು ಮೈಗೆ ಮೈ ಒತ್ತಿ ಕುಳಿತಿರುತ್ತವೆ. ಒಂದು ನೂಲು ದಪ್ಪ, ಮತ್ತೊಂದು ಚಪ್ಪಟೆ. ಇನ್ನೊಂದು ಸ್ವಲ್ಪ ಎಡಕ್ಕೆ ವಾಲಿ ಮತ್ತೆ ದಾರಿಗೆ ಬಂದಿದೆ. ಉಡುವ ಬಟ್ಟೆಯಲ್ಲಿ ಇದನ್ನು ಯಾರೂ ದೋಷವೆನ್ನುವುದಿಲ್ಲ; ಕೈಮಗ್ಗಕ್ಕೆ ಇದೇ ಲಕ್ಷಣ ಎಂದು ಮೆಚ್ಚುವವರೂ ಇದ್ದಾರೆ. ಇದೇ ಬಗೆಯ ಹಾಸುಹೊಕ್ಕಿನಿಂದ ವಿಮಾನದ ಭಾಗಗಳನ್ನು ಮಾಡುವಾಗ ಮಾತ್ರ ಪ್ರಶ್ನೆ ಏಳುತ್ತದೆ: ಈ ಸಣ್ಣ ಏರುಪೇರುಗಳಿಗೆ ಎಷ್ಟು ಬೆಲೆ ತೆರಬೇಕು?

ವಿಮಾನಕ್ಕೂ ಬಟ್ಟೆಗೂ ನಂಟು ಎಲ್ಲಿಯದು ಎಂದು ಹೊಸಬರು ಕೇಳುವುದು ಸಹಜ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ರೂಪಿಸಿದ ‘ಹಂಸ’ ತರಬೇತಿ ವಿಮಾನದ ಮೈಯೆಲ್ಲ ಕಾಂಪೋಸಿಟ್, ಅಂದರೆ ಎಳೆಗಳನ್ನು ರಾಳದಲ್ಲಿ ಹಿಡಿದಿಟ್ಟು ಗಟ್ಟಿಮಾಡಿದ ವಸ್ತು. ‘ತೇಜಸ್’ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು 45 ಶೇಕಡಾ ಕಾಂಪೋಸಿಟ್. ಎ320 ನಿಯೊ ವಿಮಾನಗಳಲ್ಲಿ ಹಲವಕ್ಕೆ ಕೂರಿಸುವ ‘ಲೀಪ್’ ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ದೊಡ್ಡ ಫ್ಯಾನಿನ ಅಲಗುಗಳಂತೂ ಮೂರು ಆಯಾಮದಲ್ಲಿ ನೇಯ್ದ ಕಾರ್ಬನ್ ಬಟ್ಟೆಗೆ ರಾಳ ತುಂಬಿಸಿ ಗಟ್ಟಿಮಾಡಿದವು. ಎಲ್ಲ ಕಾಂಪೋಸಿಟ್ಟೂ ನೇಯ್ದದ್ದಲ್ಲ. ಎಳೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿದ ಪಟ್ಟಿಗಳನ್ನು ಪದರ ಪದರವಾಗಿ ಹಾಸುವ ವಿಧಾನವೂ ಉಂಟು. ನಾವಿಲ್ಲಿ ನೇಯ್ದದ್ದನ್ನಷ್ಟೇ ನೋಡೋಣ.

ಮೊದಲು ಸಾಮಗ್ರಿಯ ಪರಿಚಯ. ಕಾರ್ಬನ್ನಿನ ಒಂದು ಎಳೆ 5ರಿಂದ 7 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿನ ಸುಮಾರು ಹತ್ತರಲ್ಲೊಂದು. ಇಂಥ 3,000 ಎಳೆಗಳನ್ನು ಹೊಸೆಯದೆ, ಲಾಡಿಯಂತೆ ಚಪ್ಪಟೆಯಾಗಿ ಜೋಡಿಸಿದರೆ ಒಂದು ನೂಲು. ಕಾರ್ಖಾನೆಯಲ್ಲಿ ಇದಕ್ಕೆ ‘3ಕೆ’ ಎನ್ನುತ್ತಾರೆ. 6ಕೆ, 12ಕೆ ನೂಲುಗಳೂ ಇವೆ. ಈ ನೂಲನ್ನು ಮಗ್ಗದಲ್ಲಿ ನೇಯ್ದು, ಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ಎಪಾಕ್ಸಿಯಂಥ ರಾಳ ತುಂಬಿಸಿ ಬಿಸಿ ಮಾಡಿ ಗಟ್ಟಿಗೊಳಿಸಿದರೆ ಕಾಂಪೋಸಿಟ್ ಸಿದ್ಧ. ಸಾಮಾನ್ಯ ಕಾರ್ಬನ್ ಎಳೆಯ ಪೆಡಸುತನ, ಅಂದರೆ ಎಳೆದರೂ ಹಿಗ್ಗದೆ ನಿಲ್ಲುವ ಗುಣ, ಉದ್ದಕ್ಕೆ ಸುಮಾರು 230 ಗಿಗಾಪ್ಯಾಸ್ಕಲ್. ಎಪಾಕ್ಸಿಯದು ಸುಮಾರು 3. ಭಾರ ಹೊರುವುದು ಎಳೆಯ ಕೆಲಸ. ಎಳೆಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟು, ಒಂದರ ಭಾರವನ್ನು ಪಕ್ಕದ್ದಕ್ಕೆ ದಾಟಿಸುವುದು ರಾಳದ ಕೆಲಸ. ಇಬ್ಬರ ಶಕ್ತಿಯಲ್ಲಿ ಇಷ್ಟು ಅಜಗಜಾಂತರ ಇರುವುದರಿಂದಲೇ ದಿಕ್ಕು ಮುಖ್ಯವಾಗುತ್ತದೆ: ಭಾರ ಎಳೆಯ ಉದ್ದಕ್ಕೆ ಬಂದರೆ ಎಳೆ ಹೊರುತ್ತದೆ, ಓರೆಯಾಗಿ ಬಂದರೆ ಅದರ ಒಂದು ಪಾಲು ಬಡಪಾಯಿ ರಾಳದ ಮೇಲೆ ಬೀಳುತ್ತದೆ.

ನೇಯ್ದ ಬಟ್ಟೆಯಲ್ಲಿ ನೂಲು ನೇರವಾಗಿರಲು ಸಾಧ್ಯವೇ ಇಲ್ಲ. ಒಂದರ ಮೇಲೆ ಹತ್ತಿ ಇನ್ನೊಂದರ ಕೆಳಗೆ ಇಳಿಯಲೇಬೇಕು. ಈ ಹತ್ತಿಳಿತಕ್ಕೆ ಜವಳಿಯವರು ಕ್ರಿಂಪ್ ಎನ್ನುತ್ತಾರೆ. ಸಾದಾ ನೇಯ್ಗೆಯಲ್ಲಿ ಪ್ರತಿ ಹೆಜ್ಜೆಗೂ ಹತ್ತಿಳಿತ. ಟ್ವಿಲ್ಲಿನಲ್ಲಿ ಎರಡರ ಮೇಲೆ, ಎರಡರ ಕೆಳಗೆ. ಐದೆಳೆಯ ಸ್ಯಾಟಿನ್ನಿನಲ್ಲಿ ನಾಲ್ಕರ ಮೇಲೆ ನೇರವಾಗಿ ಸಾಗಿ ಒಂದರ ಕೆಳಗೆ ಮಾತ್ರ ಇಳಿಯುತ್ತದೆ. ಹಾಗಾಗಿ ಸ್ಯಾಟಿನ್ನಿನಲ್ಲಿ ನೂಲು ಹೆಚ್ಚು ನೇರ, ಪೆಡಸುತನವೂ ಹೆಚ್ಚು. ಅಚ್ಚಿನ ಉಬ್ಬುತಗ್ಗಿನ ಮೇಲೆ ಸುಲಭವಾಗಿ ಕೂರುತ್ತದೆ ಕೂಡ. ಆದರೆ ಹಿಡಿತ ಸಡಿಲವಾದ್ದರಿಂದ ಕತ್ತರಿಸುವಾಗ, ಎತ್ತುವಾಗ, ಹಾಸುವಾಗ ನೂಲು ಜಾರಿ ಓರೆಯಾಗುವ ಸಂಭವವೂ ಅದರಲ್ಲೇ ಜಾಸ್ತಿ. ಕ್ರಿಂಪ್ ಕಡಿಮೆ ಮಾಡಹೋಗಿ ಓರೆತನ ತಂದುಕೊಳ್ಳುವುದು, ಈ ವಿದ್ಯೆಯಲ್ಲಿ ಮತ್ತೆ ಮತ್ತೆ ಎದುರಾಗುವ ಕೊಡುಕೊಳ್ಳುವ ವ್ಯಾಪಾರ.

ನೂಲಿನ ಈ ದಾರಿಯನ್ನು ಮೊದಲು ಶಿಸ್ತಾಗಿ ರೇಖಾಗಣಿತಕ್ಕೆ ತಂದವರಿಗೆ ಕಾರ್ಬನ್ನೂ ಗೊತ್ತಿರಲಿಲ್ಲ, ರೆಕ್ಕೆಯೂ ಬೇಕಿರಲಿಲ್ಲ. ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನ ಎಫ್. ಟಿ. ಪಿಯರ್ಸ್ 1937ರಲ್ಲಿ ಹತ್ತಿಬಟ್ಟೆಗಾಗಿ ಬರೆದ ಲೇಖನವೊಂದರಲ್ಲಿ ನೂಲಿನ ಅಡ್ಡಕೊಯ್ತವನ್ನು ವೃತ್ತವೆಂದೂ ಅದರ ದಾರಿಯನ್ನು ಕಮಾನು ಮತ್ತು ನೇರಗೆರೆಗಳ ಜೋಡಣೆಯೆಂದೂ ಹಿಡಿದು, ದಪ್ಪ, ಅಂತರ, ಕ್ರಿಂಪ್‌ಗಳ ನಡುವಿನ ಸಂಬಂಧ ಬಿಡಿಸಿಟ್ಟರು. ಮುಂದೆ 1982ರಲ್ಲಿ ತಕಾಶಿ ಇಶಿಕಾವಾ ಮತ್ತು ತ್ಸು-ವೇ ಚೌ ನೇಯ್ದ ಕಾಂಪೋಸಿಟ್ಟಿನ ಪೆಡಸುತನಕ್ಕೆ ಸರಳ ಮಾದರಿಗಳನ್ನು ಕೊಟ್ಟರು. ಐಐಟಿ ಬಾಂಬೆಯ ಎನ್. ಕೆ. ನಾಯಕ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಮೊದಲ ವರ್ಷಗಳಲ್ಲಿ ಎರಡೂ ದಿಕ್ಕಿನ ಬಾಗು, ನೂಲುಗಳ ನಡುವಿನ ಸಂದು, ನೂಲಿನ ನಿಜವಾದ ಅಡ್ಡಕೊಯ್ತ ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿದರು. ಈ ಎಲ್ಲ ಲೆಕ್ಕಗಳ ತಳಹದಿ ಒಂದೇ: ನೇಯ್ಗೆಯ ಒಂದು ತುಣುಕನ್ನು ತೆಗೆದುಕೊಳ್ಳಿ, ಅದೇ ಎಲ್ಲೆಡೆ ಮರುಕಳಿಸುತ್ತದೆ ಎಂದು ಭಾವಿಸಿ. ಆ ತುಣುಕಿಗೆ ಯೂನಿಟ್ ಸೆಲ್ ಎಂದು ಹೆಸರು. ಪಠ್ಯಪುಸ್ತಕಗಳಲ್ಲಿ ಅದರ ಚಿತ್ರ ಬಹಳ ಚೆಂದ ಕಾಣುತ್ತದೆ. ನನ್ನ ತಕರಾರು ಏನೆಂದರೆ, ಆ ಚೆಂದಕ್ಕೆ ಮರುಳಾದ ವಿದ್ಯಾರ್ಥಿ ಬಟ್ಟೆಯನ್ನು ನೋಡುವುದನ್ನೇ ಬಿಡುತ್ತಾನೆ.

ಈಗ ಪೆನ್ನು ಹಿಡಿಯೋಣ. ಸಾದಾ ನೇಯ್ಗೆಯ 3ಕೆ ಬಟ್ಟೆಯಲ್ಲಿ ನೂಲಿನ ಒಂದು ಅಲೆಯ ಉದ್ದ 4 ಮಿಲಿಮೀಟರ್, ಏರಿಳಿತ 0.1 ಮಿಲಿಮೀಟರ್ ಎನ್ನಿ. ಸೈನ್ ಅಲೆಯಾದರೆ ಅತಿ ಕಡಿದಾದ ಜಾಗದಲ್ಲಿ ಅದರ ಓರೆ ಸುಮಾರು ನಾಲ್ಕೂವರೆ ಡಿಗ್ರಿ. ಏರಿಳಿತ ದುಪ್ಪಟ್ಟಾದರೆ ಓರೆಯೂ 9 ಡಿಗ್ರಿ ಹತ್ತಿರ. ಇನ್ನು ರಾಳ ತುಂಬಿದ ನೂಲಿನ ಪೆಡಸುತನ ಉದ್ದಕ್ಕೆ 140, ಅಡ್ಡಕ್ಕೆ 10, ಶಿಯರಿನಲ್ಲಿ (ಅಂದರೆ ಒಂದು ಪದರ ಪಕ್ಕದ್ದರ ಮೇಲೆ ಜಾರುವಂತೆ ತಳ್ಳಿದಾಗ) 5 ಗಿಗಾಪ್ಯಾಸ್ಕಲ್ ಎಂದು ಹಿಡಿಯಿರಿ. ಇದು ಕಾರ್ಬನ್–ಎಪಾಕ್ಸಿಗೆ ಒಪ್ಪುವ ಅಂದಾಜು. ಭಾರದ ದಿಕ್ಕಿನಿಂದ ನೂಲು ಓರೆಯಾದಂತೆ ಆ 140 ಹೇಗೆ ಕರಗುತ್ತದೆ ಎಂದು ಪಾಠದ ಸೂತ್ರ ಹಾಕಿ ನೋಡಿದರೆ, 2 ಡಿಗ್ರಿಗೆ 136, 3 ಡಿಗ್ರಿಗೆ 131, 5 ಡಿಗ್ರಿಗೆ 117, 10 ಡಿಗ್ರಿಗೆ 80. ಮೊದಲ ಎರಡು ಡಿಗ್ರಿಗೆ ಅಷ್ಟೇನೂ ನಷ್ಟವಿಲ್ಲ, ಆಮೇಲೆ ಜಾರುಬಂಡೆ. ಸುತ್ತ ಯಾವ ಆಸರೆಯೂ ಇಲ್ಲದ ಒಂಟಿ ನೂಲಿನ ಲೆಕ್ಕ ಇದು. ಬಟ್ಟೆಯೊಳಗೆ ಅಕ್ಕಪಕ್ಕದ ನೂಲುಗಳೂ ಮೇಲುಕೆಳಗಿನ ಪದರಗಳೂ ತಡೆಯುವುದರಿಂದ ನಿಜವಾದ ಕುಸಿತ ಇಷ್ಟು ತೀವ್ರವಾಗಿರುವುದಿಲ್ಲ, ಆದರೆ ದಾರಿ ಅದೇ.

ಪೆಡಸುತನ ಉದಾರಿ. ಅದು ಇಡೀ ಹಲಗೆಯ ಸರಾಸರಿ. ಒಂದು ನೂಲು ಡೊಂಕಾದರೆ ಪಕ್ಕದ ನೂರು ನೂಲು ಅದನ್ನು ಮುಚ್ಚಿಹಾಕುತ್ತವೆ. ಆದ್ದರಿಂದಲೇ ಆದರ್ಶ ಯೂನಿಟ್ ಸೆಲ್ಲಿನ ಲೆಕ್ಕ ಪೆಡಸುತನದ ಮಟ್ಟಿಗೆ ಪ್ರಯೋಗದ ಹತ್ತಿರ ಹತ್ತಿರ ಬರುತ್ತದೆ, ಹೊಸಬರು ಅಲ್ಲಿಗೇ ತೃಪ್ತರಾಗುತ್ತಾರೆ. ಪೇಚು ಶುರುವಾಗುವುದು ಮುರಿಯುವ ಮಾತು ಬಂದಾಗ.

ಅದರಲ್ಲೂ ಅದುಮಿದಾಗ. ಎಳೆದರೆ ಡೊಂಕು ನೂಲು ನೆಟ್ಟಗಾಗಲು ನೋಡುತ್ತದೆ. ಅದುಮಿದರೆ ಇನ್ನಷ್ಟು ಡೊಂಕಾಗಲು ನೋಡುತ್ತದೆ. ಮೊದಲೇ ಬಾಗಿದ ಊರುಗೋಲಿನ ಮೇಲೆ ಭಾರ ಹಾಕಿದರೆ ಏನಾಗುತ್ತದೋ ಅದೇ. ನೂಲು ಪಕ್ಕಕ್ಕೆ ತಿರುಗದಂತೆ ತಡೆಯುವುದು ರಾಳದ ಶಿಯರ್ ಬಲ ಮಾತ್ರ. ಅದು ಸೋತ ಕ್ಷಣ ಎಳೆಗಳ ಇಡೀ ಪಟ್ಟಿಯೊಂದು ಒಟ್ಟಿಗೆ ಮಡಚಿಕೊಳ್ಳುತ್ತದೆ. ಇದಕ್ಕೆ ಕಿಂಕ್ ಬ್ಯಾಂಡ್ ಎನ್ನುತ್ತಾರೆ. ಎ. ಎಸ್. ಆರ್ಗನ್ 1972ರಲ್ಲಿ ತೋರಿಸಿದ್ದನ್ನು ಬರ್ನಾರ್ಡ್ ಬುಡಿಯಾನ್ಸ್ಕಿ 1983ರಲ್ಲಿ ತಿದ್ದಿ ಕೊಟ್ಟ ಸೂತ್ರ ತೀರ ಚಿಕ್ಕದು: ರಾಳ ಶಿಯರಿನಲ್ಲಿ ಸೋಲುವ ಬಲವನ್ನು, ಆಗಿನ ಶಿಯರ್ ವಿರೂಪ ಮತ್ತು ನೂಲಿನ ಆರಂಭದ ಓರೆ ಎರಡರ ಮೊತ್ತದಿಂದ ಭಾಗಿಸಿ. ಸೋಲುವ ಬಲ 50 ಮೆಗಾಪ್ಯಾಸ್ಕಲ್, ಆಗಿನ ವಿರೂಪ 1 ಶೇಕಡಾ ಎಂದಿಟ್ಟುಕೊಳ್ಳಿ. ಓರೆ 2 ಡಿಗ್ರಿ ಇದ್ದರೆ ತಾಳಿಕೆ ಸುಮಾರು 1,110 ಮೆಗಾಪ್ಯಾಸ್ಕಲ್. 3 ಡಿಗ್ರಿ ಆದರೆ 800. 4 ಡಿಗ್ರಿ ಆದರೆ 630.

ಹಿಂದಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಎರಡರಿಂದ ಮೂರಕ್ಕೆ ಓರೆ ಏರಿದಾಗ ಪೆಡಸುತನ 136ರಿಂದ 131ಕ್ಕೆ ಇಳಿಯಿತು, ನೂರಕ್ಕೆ ನಾಲ್ಕರಷ್ಟೂ ಇಲ್ಲ. ಅದೇ ಒಂದು ಡಿಗ್ರಿಗೆ ಅದುಮುವಿಕೆಯ ತಾಳಿಕೆ ನೂರಕ್ಕೆ ಇಪ್ಪತ್ತೆಂಟರಷ್ಟು ಕುಸಿಯಿತು. ಡೊಂಕು ಒಂದೇ, ದಂಡ ಬೇರೆ. ಈ ಲೇಖನದಿಂದ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಉಳಿದದ್ದನ್ನು ಪುಸ್ತಕದಲ್ಲಿ ಹುಡುಕಿಕೊಳ್ಳಬಹುದು.

ಇನ್ನು ಈ ಡೊಂಕು ಬರುವುದೆಲ್ಲಿಂದ? ಸ್ವಲ್ಪ ಮಗ್ಗದಿಂದಲೇ. ಹಾಸು ಬಿಗಿಯಾಗಿ ಎಳೆದುಕೊಂಡಿರುತ್ತದೆ, ಹೊಕ್ಕು ಅದರ ನಡುವೆ ನುಸುಳಿ ಬರುತ್ತದೆ. ಎರಡರ ಬಿಗಿ ಒಂದೇ ಅಲ್ಲವಾದ್ದರಿಂದ ಎರಡರ ಕ್ರಿಂಪೂ ಒಂದೇ ಇರುವುದಿಲ್ಲ. ಇದು ಎಲ್ಲ ಯೂನಿಟ್ ಸೆಲ್ಲಿನಲ್ಲೂ ಒಂದೇ ರೀತಿ ಮರುಕಳಿಸುವ ವ್ಯತ್ಯಾಸ. ಅಳೆದು ಮಾದರಿಗೆ ಸೇರಿಸಿಬಿಟ್ಟರೆ ಆಯಿತು. ಬಟ್ಟೆಯನ್ನು ಸುರುಳಿ ಸುತ್ತುವಾಗ, ಸಾಗಿಸುವಾಗ, ಕತ್ತರಿಸುವಾಗ, ಅಚ್ಚಿನೊಳಗೆ ಕೈಯಿಂದ ಒತ್ತಿ ಕೂರಿಸುವಾಗ ಬರುವ ವ್ಯತ್ಯಾಸ ಹಾಗಲ್ಲ, ಅದು ಎಲ್ಲೆಂದರಲ್ಲಿ ಮನಸ್ಸಿಗೆ ಬಂದಂತೆ ಬರುತ್ತದೆ. ಗುಮ್ಮಟದಂಥ ಆಕಾರದ ಮೇಲೆ ಹಾಸಿದರೆ ಇನ್ನೊಂದು ಸಮಸ್ಯೆ: ಪಂಚೆಯ ಮೂಲೆ ಎಳೆದಾಗ ಆದಂತೆ ಹಾಸುಹೊಕ್ಕಿನ ನಡುವಿನ 90 ಡಿಗ್ರಿ ಮುಚ್ಚಿಕೊಳ್ಳುತ್ತದೆ. ಅದು 30 ಡಿಗ್ರಿ ಮುಚ್ಚಿಕೊಂಡರೆ ಅಷ್ಟೇ ಜಾಗದಲ್ಲಿ ನೂಲಿನ ಪ್ರಮಾಣ ನೂರಕ್ಕೆ ಹದಿನೈದರಷ್ಟು ಹೆಚ್ಚುತ್ತದೆ. ಒಂದೇ ಭಾಗದ ನೆತ್ತಿಯಲ್ಲಿ ಒಂದು ಕಾಂಪೋಸಿಟ್, ಪಕ್ಕೆಯಲ್ಲಿ ಇನ್ನೊಂದು.

ಪದರ ಪದರವಾಗಿ ಹಾಸಿದಾಗ ಒಂದು ಪದರದ ಉಬ್ಬು ಇನ್ನೊಂದರ ತಗ್ಗಿನಲ್ಲಿ ಹೋಗಿ ಕೂರುವುದೂ ಉಂಟು. ನೆಸ್ಟಿಂಗ್ ಎಂದು ಕರೆಯುವ ಈ ಹೊಂದಾಣಿಕೆ ಎಲ್ಲಿ ಹೇಗಾಗುತ್ತದೆ ಎಂದು ಯಾರೂ ನಿಯಂತ್ರಿಸುವುದಿಲ್ಲ. ಹಾಸುವವರ ಕೈ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಸಾಕು. ಚೀಲ ಹೊದಿಸಿ ಗಾಳಿ ಹೀರಿ ತೆಗೆಯುವ ವಿಧಾನದಲ್ಲಿ ಚೆನ್ನಾಗಿ ಹೊಂದಿಕೊಂಡ ಕಡೆ ಹಲಗೆ ತೆಳುವಾಗುತ್ತದೆ, ಎಳೆಯ ಪ್ರಮಾಣ ಏರುತ್ತದೆ. ತೀರ ಮೇಲಿನ ಪದರದ್ದು ಬೇರೆಯೇ ಕಥೆ: ಅದರ ನೂಲಿಗೆ ಹೊರಗಡೆಯಿಂದ ಆಸರೆಯಿಲ್ಲ, ಹಾಗಾಗಿ ಭಾರ ಬಿದ್ದಾಗ ಒಳಗಿನ ಪದರಗಳಿಗಿಂತ ಸಲೀಸಾಗಿ ಬಾಗುತ್ತದೆ.

ರಾಳ ತುಂಬುವ ಹಂತವನ್ನು ಹೊಸಬರು ಲಘುವಾಗಿ ತೆಗೆದುಕೊಳ್ಳುತ್ತಾರೆ. ಒಣ ಬಟ್ಟೆಗೆ ರಾಳ ಹೀರಿಸುವ ವಿಧಾನಗಳಲ್ಲಿ (ಸರಸ್ ವಿಮಾನದ ರೆಕ್ಕೆಗಾಗಿ ಎನ್‌ಎಎಲ್ ಬೆಳೆಸಿದ ‘ವೆರಿಟಿ’ ಇದೇ ಜಾತಿಯದು) ರಾಳ ನೂಲುಗಳ ನಡುವಿನ ಸಂದಿಯಲ್ಲೂ ನೂಲಿನೊಳಗಿನ ಎಳೆಗಳ ನಡುವೆಯೂ ಹರಿಯಬೇಕು. ಎಳೆಯ ಪ್ರಮಾಣ 50 ಶೇಕಡಾದಿಂದ 55ಕ್ಕೆ ಏರಿದರೆ, ಕೊಜೆನಿ–ಕಾರ್ಮನ್ ಸೂತ್ರದ ಪ್ರಕಾರ, ರಾಳಕ್ಕೆ ದಾರಿ ಬಿಡುವ ಗುಣ ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ಸಂದು ಅಗಲವಿದ್ದ ಕಡೆ ರಾಳ ಮುಂದೆ ಓಡಿ, ಬಿಗಿಯಿದ್ದ ಕಡೆ ಹಿಂದುಳಿದು, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಏರುಪೇರು ಹೀಗೆ ಗುಳ್ಳೆಯಾಗಿ ಮರುಹುಟ್ಟು ಪಡೆಯುತ್ತದೆ.

ಇವನ್ನೆಲ್ಲ ಅಳೆಯುವುದು ಹೇಗೆ? ಹಳೆಯ ದಾರಿ ಎಂದರೆ ಹಲಗೆಯನ್ನು ಕೊಯ್ದು, ಮುಖವನ್ನು ಉಜ್ಜಿ ನುಣುಪು ಮಾಡಿ, ಸೂಕ್ಷ್ಮದರ್ಶಕದಡಿ ನೋಡುವುದು. ಅದರಲ್ಲಿ ಕಾಣುವುದು ಒಂದೇ ಕೊಯ್ತ. ಈಗ ಆಸ್ಪತ್ರೆಯ ಸಿಟಿ ಸ್ಕ್ಯಾನಿನ ತಮ್ಮನಾದ ಮೈಕ್ರೊ-ಸಿಟಿ ಇದೆ. ಕೊಯ್ಯದೆಯೇ ಒಳಗಿನ ನೂಲುಗಳ ದಾರಿಯನ್ನು ಮೂರು ಆಯಾಮದಲ್ಲಿ ಹಿಂಬಾಲಿಸಬಹುದು. ಗಾಜಿನ ಎಳೆ ಸ್ಪಷ್ಟವಾಗಿ ಕಾಣುತ್ತದೆ. ಕಾರ್ಬನ್ ಮತ್ತು ಎಪಾಕ್ಸಿ ಎಕ್ಸ್‌ರೇಯನ್ನು ಹೆಚ್ಚುಕಡಿಮೆ ಒಂದೇ ತೆರನಾಗಿ ಬಿಡುವುದರಿಂದ ಅವುಗಳ ಗಡಿ ಗುರುತಿಸಲು ಕಣ್ಣು ನೋಯಿಸಿಕೊಳ್ಳಬೇಕು. ಪ್ರತಿ ನೂಲಿನ ನಡುಬಿಂದು, ಅಗಲ, ದಪ್ಪ, ಓರೆ ಇಷ್ಟನ್ನು ಹೆಜ್ಜೆ ಹೆಜ್ಜೆಗೂ ಬರೆದುಕೊಂಡರೆ ಅಂಕಿಗಳ ರಾಶಿ ಸಿಗುತ್ತದೆ. ಎಲ್ಲ ಸೆಲ್ಲಿಗೂ ಸಮಾನವಾದ ಭಾಗವನ್ನು ಅದರಿಂದ ಕಳೆಯಿರಿ. ಉಳಿದದ್ದು ನಿಜವಾದ ಏರುಪೇರು. ಅದನ್ನು ಹೇಳಲು ಎರಡು ಸಂಖ್ಯೆ ಬೇಕು: ಎಷ್ಟು ಆಚೀಚೆಯಾಗುತ್ತದೆ ಎನ್ನುವುದು ಒಂದು. ಒಂದು ಜಾಗದಲ್ಲಿ ಆಚೀಚೆಯಾದರೆ ಎಷ್ಟು ದೂರದವರೆಗೆ ಅದರ ನೆನಪು ಉಳಿಯುತ್ತದೆ ಎನ್ನುವುದು ಇನ್ನೊಂದು.

ಈ ಎರಡನೆಯದು ನನಗೆ ಇಡೀ ವಿಷಯದಲ್ಲೇ ಸ್ವಾರಸ್ಯದ್ದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಲ್ ನೇಯ್ಗೆಯ ಕಾರ್ಬನ್–ಎಪಾಕ್ಸಿಯನ್ನು ಮೈಕ್ರೊ-ಸಿಟಿಯಲ್ಲಿ ನೋಡಿದಾಗ, ನೂಲಿನ ಬೇರೆಲ್ಲ ಗುಣಗಳ ಏರುಪೇರು ಒಂದು ಯೂನಿಟ್ ಸೆಲ್ಲಿನ ಅಳತೆಯಲ್ಲಿ ವಿವರಿಸುವಂತಿತ್ತು, ಬಟ್ಟೆಯ ತಲದಲ್ಲಿ ನೂಲು ಪಕ್ಕಕ್ಕೆ ಸರಿಯುವುದು ಮಾತ್ರ ಹಲವು ಸೆಲ್‌ಗಳ ಉದ್ದಕ್ಕೂ ಹಬ್ಬಿತ್ತು. ಯೋಚಿಸಿದರೆ ಕಾರಣ ಹೊಳೆಯುತ್ತದೆ. ನೂಲಿನ ಮೇಲುಕೆಳಗಿನ ಚಲನೆಗೆ ಅಡ್ಡ ನೂಲುಗಳು ಹೆಜ್ಜೆ ಹೆಜ್ಜೆಗೂ ಲಗಾಮು ಹಾಕುತ್ತವೆ, ಒಂದು ದಾಟಿನಲ್ಲಿ ತಪ್ಪಿದ್ದನ್ನು ಮುಂದಿನದು ತಿದ್ದುತ್ತದೆ. ಪಕ್ಕಕ್ಕೆ ಸರಿಯುವುದನ್ನು ತಡೆಯಲು ಅಂಥವರು ಯಾರೂ ಇಲ್ಲ. ನೂಲೂ ಅದರ ನೆರೆಯವೂ ಒಟ್ಟಿಗೆ ನಿಧಾನವಾಗಿ ವಾಲುತ್ತಾ ಹೋಗಬಹುದು. ಹಾಗಾದರೆ ಒಂದೇ ಸೆಲ್ ಮರುಕಳಿಸುತ್ತದೆ ಎಂದು ಹೇಳುವ ಮಾದರಿಯಲ್ಲಿ ಈ ವಾಲಾಟಕ್ಕೆ ಜಾಗವೇ ಇಲ್ಲ. ಅದಕ್ಕಾಗಿ ಹತ್ತಾರು ಸೆಲ್‌ಗಳ ದೊಡ್ಡ ಮಾದರಿ ಕಟ್ಟಿ, ಅಳೆದ ಅಂಕಿಅಂಶಕ್ಕೆ ಒಪ್ಪುವಂತೆ ಕಂಪ್ಯೂಟರಿನಲ್ಲಿ ನೂರಾರು ‘ಬಟ್ಟೆ’ಗಳನ್ನು ನೇಯ್ದು, ಒಂದೊಂದನ್ನೂ ಮುರಿದು ನೋಡುತ್ತಾರೆ.

ಮುರಿಯುವುದು ಏಕೆ ಸರಾಸರಿಯ ಮಾತು ಕೇಳುವುದಿಲ್ಲ ಎಂದು ಮತ್ತೆ ಪಿಯರ್ಸ್ ಬಳಿಗೇ ಹೋಗಬಹುದು. ಬಟ್ಟೆಯ ಜ್ಯಾಮಿತಿಗೆ ಹನ್ನೊಂದು ವರ್ಷ ಮೊದಲು, 1926ರಲ್ಲಿ, ಅವರೇ ಹತ್ತಿ ನೂಲಿನ ಬಗ್ಗೆ ಬರೆದಿದ್ದರು: ಉದ್ದ ನೂಲಿನ ಬಲ ಅದರ ಅತಿ ದುರ್ಬಲ ತುಣುಕಿನ ಬಲ, ಆದ್ದರಿಂದ ಉದ್ದ ಹೆಚ್ಚಿದಷ್ಟೂ ಸರಾಸರಿ ಬಲ ಇಳಿಯುತ್ತದೆ. ನಮ್ಮ ಸಾದಾ ನೇಯ್ಗೆಯ ಸೆಲ್ 4 ಮಿಲಿಮೀಟರ್ ಚೌಕ. ಒಂದು ಚದರ ಮೀಟರ್ ಹಲಗೆಯ ಒಂದು ಪದರದಲ್ಲಿ 62,500 ಸೆಲ್. ಸಾವಿರಕ್ಕೊಂದು ಸೆಲ್ ಕೆಟ್ಟದಾಗಿ ಓರೆಯಾಗಿದ್ದರೆ, ಅಂಗೈಯಷ್ಟು ಪರೀಕ್ಷಾ ತುಣುಕಿನಲ್ಲಿ ಅದು ಸಿಗದೇ ಹೋಗಬಹುದು, ಇಡೀ ರೆಕ್ಕೆಯಲ್ಲಿ ಸಿಗದಿರಲು ಸಾಧ್ಯವಿಲ್ಲ. ಒಂದೇ ಹಲಗೆಯಿಂದ ಕೊಯ್ದ ತುಣುಕುಗಳು ಬೇರೆ ಬೇರೆ ಭಾರಕ್ಕೆ ಮುರಿದಾಗ ಯಂತ್ರ ಕೆಟ್ಟಿದೆ ಎಂದು ದೂರುವ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇದೇ.

ಪರೀಕ್ಷೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 4 ಮಿಲಿಮೀಟರ್ ಸೆಲ್ಲಿನ ಮೇಲೆ, ಹಿಗ್ಗನ್ನು ಅಳೆಯುವ 2 ಮಿಲಿಮೀಟರಿನ ಸ್ಟ್ರೇನ್ ಗೇಜ್ ಅಂಟಿಸಿದರೆ, ಅದು ನೂಲಿನ ನೆತ್ತಿಯ ಮೇಲೆ ಕೂತಿದೆಯೋ ಸಂದಿಯ ರಾಳದ ಮೇಲೆ ಕೂತಿದೆಯೋ ಎನ್ನುವುದರ ಮೇಲೆ ಓದು ಬದಲಾಗುತ್ತದೆ. ಗೇಜ್ ಕನಿಷ್ಠ ಒಂದು ಇಡೀ ಸೆಲ್ಲನ್ನಾದರೂ ಹೊದ್ದಿರಬೇಕು.

ಕೊನೆಗೆ ಈ ಏರುಪೇರಿನ ಬಿಲ್ಲು ಬರುವುದು ವಿನ್ಯಾಸಕಾರರ ಮೇಜಿಗೆ. ವಿಮಾನದ ಲೆಕ್ಕದಲ್ಲಿ ಸರಾಸರಿ ಬಲವನ್ನು ಬಳಸಲು ಬಿಡುವುದಿಲ್ಲ. ‘ಬಿ-ಬೇಸಿಸ್’ ಎಂಬ ಮೌಲ್ಯ ಬೇಕು: ನೂರರಲ್ಲಿ ತೊಂಬತ್ತು ತುಣುಕುಗಳು ಇದಕ್ಕಿಂತ ಗಟ್ಟಿ ಎಂದು 95 ಶೇಕಡಾ ಭರವಸೆಯಿಂದ ಹೇಳಬಲ್ಲಂಥ ಅಂಕಿ. ಒಂದೇ ಕೊಂಡಿ ಮುರಿದರೆ ಎಲ್ಲ ಹೋಯಿತು ಎನ್ನುವ ಭಾಗಕ್ಕೆ ಇನ್ನೂ ಬಿಗಿಯಾದ ‘ಎ-ಬೇಸಿಸ್’. ಅಲ್ಲಿ ತೊಂಬತ್ತರ ಬದಲು ತೊಂಬತ್ತೊಂಬತ್ತು. ಮೂವತ್ತು ತುಣುಕು ಮುರಿದಿರಿ, ಸರಾಸರಿ 600 ಮೆಗಾಪ್ಯಾಸ್ಕಲ್ ಬಂತು ಎನ್ನಿ. ಹರಡಿಕೆ ಸರಾಸರಿಯ 4 ಶೇಕಡಾ ಇದ್ದರೆ ಬಿ-ಬೇಸಿಸ್ ಸುಮಾರು 557. ಹರಡಿಕೆ 10 ಶೇಕಡಾ ಇದ್ದರೆ 493. ನೂಲೂ ರಾಳವೂ ಸರಾಸರಿಯೂ ಅದೇ. ಎರಡನೆಯ ಹಲಗೆಗೆ ಮಾತ್ರ ಹೆಚ್ಚು ಪದರ ಹಾಸಬೇಕು, ಆ ಹೆಚ್ಚುವರಿ ತೂಕವನ್ನು ವಿಮಾನ ತನ್ನ ಆಯಸ್ಸಿಡೀ ಹೊತ್ತು ಹಾರಬೇಕು. ಬಟ್ಟೆಯನ್ನು ಎಚ್ಚರದಿಂದ ಹಾಸುವ ಕೆಲಸಗಾರ್ತಿಯ ಕೈ ಇಂಧನ ಉಳಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಕೈಯಾರೆ ಮಾಡಿ ನೋಡಬೇಕೆನ್ನುವವರಿಗೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ‘ಟೆಕ್ಸ್‌ಜೆನ್’ ಉಚಿತವಾಗಿ ಸಿಗುತ್ತದೆ, ಮುಕ್ತ ತಂತ್ರಾಂಶ. ಅದನ್ನು ತೆರೆದು ಸಾದಾ ನೇಯ್ಗೆ ಕೇಳಿದರೆ ಒಂದು ಕೂದಲೂ ಆಚೀಚೆಯಾಗದ ಬಟ್ಟೆಯನ್ನು ಕೊಡುತ್ತದೆ. ಅದರ ಪೆಡಸುತನ ಲೆಕ್ಕ ಹಾಕಿ ಬರೆದಿಡಿ. ಆಮೇಲೆ ಒಂದೇ ಒಂದು ನೂಲಿನ ನಡುಬಿಂದುಗಳನ್ನು ಪಕ್ಕಕ್ಕೆ ಸರಿಸಿ, ಅದು 3 ಡಿಗ್ರಿ ಓರೆಯಾಗುವಂತೆ ಮಾಡಿ, ಮತ್ತೆ ಲೆಕ್ಕ ಹಾಕಿ. ಒಟ್ಟು ಪೆಡಸುತನದ ಅಂಕಿ ಅಷ್ಟೇನೂ ಕದಲುವುದಿಲ್ಲ. ಅಲ್ಲಿಗೇ ನಿಲ್ಲಿಸದೆ, ಆ ನೂಲಿನ ಸುತ್ತಲಿನ ರಾಳದಲ್ಲಿ ಶಿಯರ್ ಒತ್ತಡ ಎಲ್ಲಿ ಏರಿದೆ ಎಂದು ಬಣ್ಣದ ಚಿತ್ರದಲ್ಲಿ ಹುಡುಕಿ.